ಧಾರವಾಡದ ಪಿನ್ ಕೋಡ್ ಒಡೆಯುತ್ತದೆಯೇ?

ಪ್ರಶ್ನೆ: ನಾವು ಧಾರವಾಡದವರು. ಮಗಳು ಒಂಬತ್ತನೇ ತರಗತಿ. ರಜೆಯಲ್ಲಿ ಸುಮ್ನೆ ಕೂತವಳು ನಮ್ಮ ಪಿನ್ ಕೋಡ್ 580001ನ್ನು ಹಿಡಿದು ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತ ಹೋದಳು. 47ರವರೆಗೆ ಬಂದಳು. ಎಲ್ಲೂ ಶೇಷವಿಲ್ಲದೆ ಭಾಗವಾಗಲಿಲ್ಲ. "ಅಪ್ಪಾ, ಇದು ಅವಿಭಾಜ್ಯನೇ ಇರಬೇಕು" ಅಂತಾಳೆ. ಗದಗದಲ್ಲಿರುವ ಅಜ್ಜನ ಮನೆಯ 582101ನ್ನೂ 11ರವರೆಗೆ ನೋಡಿ ಅದೇ ಮಾತು ಹೇಳಿದಳು. ಅವಳು ಹೇಳುವುದು ಸರಿಯೇ? ಇಷ್ಟು ದೊಡ್ಡ ಸಂಖ್ಯೆಯ ಗುಣವನ್ನು ಕಾಗದ, ಪೆನ್ನಿನಲ್ಲೇ ತಿಳಿಯುವ ದಾರಿ ಇದೆಯೇ?

ಉತ್ತರ: ಮೊದಲು ಫಲಿತಾಂಶ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನಿಮ್ಮ ಮಗಳು ಗೆದ್ದಳು, ಗದಗದಲ್ಲಿ ಸೋತಳು. 580001 ಅವಿಭಾಜ್ಯ ಸಂಖ್ಯೆ. 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಅದು ಭಾಗವಾಗುವುದಿಲ್ಲ. ಆದರೆ 582101 = 13 × 44777. 11ಕ್ಕೆ ನಿಲ್ಲಿಸದೆ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸಿಕ್ಕಿಬಿಡುತ್ತಿತ್ತು! ಅವಳಿಗೆ ಬೇಸರ ಬೇಡ ಅಂತ ಹೇಳಿ. ಇದೇ ಪಿನ್ ಕೋಡುಗಳ ಲೆಕ್ಕದಲ್ಲಿ ನಾನು ಇಡೀ ತರಗತಿಯ ಮುಂದೆ ಎಡವಿದವನು. ಆ ಕಥೆ ಮುಂದೆ ಬರುತ್ತದೆ.

ಗೆದ್ದಳು ಅಂದೆ, ನಿಜ. ಆದರೆ ಉತ್ತರ ಸರಿಯಾಯಿತೇ ಹೊರತು ಕಾರಣ ಸಾಲದು. 47ರವರೆಗೆ ನೋಡಿ ಅವಿಭಾಜ್ಯ ಅನ್ನುವುದು, ಓಣಿಯ ಮೊದಲ ನಾಲ್ಕು ಮನೆ ಕೇಳಿ ಊರಲ್ಲಿ ಯಾರೂ ಇಲ್ಲ ಅಂದ ಹಾಗೆ. ಎಲ್ಲಿಯವರೆಗೆ ನೋಡಿದರೆ ಸಾಕು ಅನ್ನುವುದೇ ಇಲ್ಲಿನ ಮುಖ್ಯ ಮಾತು.

ಅದಕ್ಕೂ ಮೊದಲು ಒಂದು ವಿಷಯ. ಈ ಸಂಖ್ಯೆಯನ್ನು ಯಾರೂ ಅವಿಭಾಜ್ಯ ಅಂತ ನೋಡಿ ಧಾರವಾಡಕ್ಕೆ ಕೊಟ್ಟದ್ದಲ್ಲ. ಪಿನ್ ಕೋಡ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ದೇಶದ ಅಂಚೆ ವಲಯ, ಎರಡನೆಯದು ಉಪವಲಯ, ಮೂರನೆಯದು ಪತ್ರ ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಕಿ ಪತ್ರ ಹಂಚುವ ಅಂಚೆ ಕಚೇರಿ. 580ರ ಮುಂದೆ 001 ಬಂದದ್ದು ಹಾಗೆ. ಅಂಚೆಯವರಿಗೆ ಅದೊಂದು ವಿಳಾಸ ಮಾತ್ರ. ಅದರ ಗುಣ ಸಂಖ್ಯೆಯ ಸ್ವಂತದ್ದು. ಅಂಕಿಗಳನ್ನು ಕೂಡಿ 14, ಅದನ್ನೂ ಕೂಡಿ 5 ಮಾಡಿ ಊರಿನ ಅದೃಷ್ಟ ಹೇಳುವವರೂ ಸಿಗುತ್ತಾರೆ. ಆ 14ರಿಂದ ನನಗೆ ತಿಳಿಯುವುದು ಒಂದೇ: ಈ ಸಂಖ್ಯೆ 3ರಿಂದ ಭಾಗವಾಗುವುದಿಲ್ಲ.

ಈಗ ಲೈನ್ ಬಜಾರಿಗೆ ಬನ್ನಿ. ಪೇಡೆ ಅಂಗಡಿಯವರು ಡಬ್ಬಿ ತುಂಬುವುದನ್ನು ನೋಡಿದ್ದೀರಲ್ಲ? 12 ಪೇಡೆ ಇದ್ದರೆ ಮೂರರಂತೆ ನಾಲ್ಕು ಸಾಲು ಇಡಬಹುದು, ಆರರಂತೆ ಎರಡು ಸಾಲೂ ಇಡಬಹುದು. 13 ಇದ್ದರೆ ಕಷ್ಟ. ಚೌಕಟ್ಟಾಗಿ ಇಡಲು ಹೋದರೆ ಒಂದು ಹೊರಗೆ ಉಳಿಯುತ್ತದೆ. ಒಂದೇ ಉದ್ದ ಸಾಲಾಗಿ ಇಡುವುದು ಬಿಟ್ಟರೆ ದಾರಿಯಿಲ್ಲ. 580001 ಪೇಡೆಗಳದ್ದೂ ಅದೇ ಪಾಡು. ಒಂದು ಪೇಡೆ ಮೂರೂವರೆ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಆ ಒಂಟಿ ಸಾಲು 20 ಕಿಲೋಮೀಟರ್ ದಾಟುತ್ತದೆ. ಧಾರವಾಡದಿಂದ ಹೊರಟರೆ ಹೆಚ್ಚುಕಡಿಮೆ ಹುಬ್ಬಳ್ಳಿಯವರೆಗೆ, ಚಿಗರಿ ಬಸ್ಸಿನ ದಾರಿಯುದ್ದಕ್ಕೂ ಪೇಡೆ!

ಹುಬ್ಬಳ್ಳಿಯ ಪ್ರಧಾನ ಅಂಚೆ ಕಚೇರಿಯ ಪಿನ್ 580020. ಅದನ್ನು ಒಡೆದು ನೋಡಿ: 2 × 2 × 3 × 5 × 7 × 1381. ಇದಕ್ಕೆ ಒಟ್ಟು 48 ಅಪವರ್ತನಗಳು. ಅಂದರೆ ಅಷ್ಟು ಪೇಡೆಗಳನ್ನು 24 ಬಗೆಯಲ್ಲಿ ಆಯತವಾಗಿ ಜೋಡಿಸಬಹುದು. ವ್ಯಾಪಾರದ ಊರು, ಎಷ್ಟು ಜನ ಪಾಲುದಾರರು ಬಂದರೂ ಹಂಚಿಕೊಡುತ್ತದೆ. ಧಾರವಾಡ ಮಾತ್ರ ಯಾರಿಗೂ ಪಾಲು ಕೊಡುವುದಿಲ್ಲ. ಇದನ್ನು ಹೇಳಿದಾಗಲೆಲ್ಲ ಹುಬ್ಬಳ್ಳಿಯವರು ನಗುತ್ತಾರೆ, ಧಾರವಾಡದವರು ಹೆಮ್ಮೆಪಡುತ್ತಾರೆ. ಇಬ್ಬರಿಗೂ ಅದು ತಮ್ಮನ್ನೇ ಹೊಗಳಿದ ಹಾಗೆ ಕೇಳಿಸುತ್ತದೆ. ಹಾವೇರಿಯ 581110 ಎರಡರ ನಡುವಿನದು: 2 × 5 × 58111, ಅಲ್ಲಿಗೆ ಮುಗಿಯಿತು. 58111 ಅವಿಭಾಜ್ಯ.

ಇನ್ನು ಎಲ್ಲಿಯವರೆಗೆ ಭಾಗಿಸಬೇಕು? ಒಂದು ಸಂಖ್ಯೆ ಒಡೆದರೆ ಅದು ಯಾವಾಗಲೂ ಎರಡು ಭಾಗವಾಗಿ, ಜೋಡಿಯಾಗಿ ಒಡೆಯುತ್ತದೆ. ಒಂದು ದೊಡ್ಡದಾದರೆ ಇನ್ನೊಂದು ಚಿಕ್ಕದು. ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ, ಹಾಗಾದರೆ ಗುಣಲಬ್ಧ ಮೂಲ ಸಂಖ್ಯೆಯನ್ನೇ ಮೀರಿಬಿಡುತ್ತದೆ. 761 × 761 = 579121. 762 × 762 = 580644. ನಮ್ಮ 580001 ಇವೆರಡರ ನಡುವೆ ಇದೆ. ಹಾಗಾಗಿ ಅದು ಒಡೆಯುವುದಾದರೆ ಚಿಕ್ಕ ತುಂಡು 761ರ ಒಳಗೆ ಸಿಕ್ಕೇ ಸಿಗಬೇಕು. ಅಲ್ಲಿಯವರೆಗೆ ಸಿಗಲಿಲ್ಲವೋ, ಮುಂದೆ ಹುಡುಕುವ ಕೆಲಸವೇ ಇಲ್ಲ. ಎಲ್ಲ ಸಂಖ್ಯೆಗಳಿಂದಲೂ ಭಾಗಿಸಬೇಕಾಗಿಲ್ಲ. 6ರಿಂದ ಭಾಗವಾಗುವುದು 2ರಿಂದ ಆಗಿಯೇ ಇರುತ್ತದೆ, ಅಲ್ವಾ? ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕು. 761ರವರೆಗೆ ಅವು 135 ಇವೆ. ನಿಮ್ಮ ಮಗಳು 47ರವರೆಗೆ ಬಂದಳೆಂದರೆ 15 ಮುಗಿಸಿದ್ದಾಳೆ. ಉಳಿದದ್ದು 120.

ಅಯ್ಯೋ 120 ಭಾಗಾಕಾರವೇ ಅನ್ನಬೇಡಿ. ಕೆಲವಕ್ಕೆ ಒಳದಾರಿ ಇದೆ. ನನಗೆ ತುಂಬ ಇಷ್ಟವಾದ ಒಂದನ್ನು ಹೇಳುತ್ತೇನೆ. 7 × 11 × 13 = 1001. ಈ ಒಂದು ಗುಣಾಕಾರ ನೆನಪಿದ್ದರೆ ಆರಂಕಿಯ ಯಾವ ಸಂಖ್ಯೆಯನ್ನೂ 7, 11, 13 ಮೂರರಿಂದಲೂ ಒಂದೇ ಏಟಿಗೆ ಪರೀಕ್ಷಿಸಬಹುದು. ಸಂಖ್ಯೆಯನ್ನು ನಡುವೆ ಕತ್ತರಿಸಿ. ಗದಗದ 582101ನ್ನು ಕತ್ತರಿಸಿದರೆ 582 ಮತ್ತು 101. ಎಡಗಡೆಯದರಲ್ಲಿ ಬಲಗಡೆಯದನ್ನು ಕಳೆಯಿರಿ: 481. ಈ 481 ಯಾವುದರಿಂದ ಭಾಗವಾಗುತ್ತದೋ, ಆ ಮೂರರ ಮಟ್ಟಿಗೆ, ಇಡೀ ಸಂಖ್ಯೆಯೂ ಅದರಿಂದಲೇ ಭಾಗವಾಗುತ್ತದೆ. 481 = 13 × 37. ಸಿಕ್ಕಿತಲ್ಲ 13!

ಯಾಕೆ ಹೀಗೆ? 582101 ಅಂದರೆ 582 ಸಾವಿರ ಮತ್ತು 101. ಸಾವಿರದ ಬದಲು 1001 ಹಾಕಿದರೆ 582 ಜಾಸ್ತಿ ಹಾಕಿದ ಹಾಗಾಯಿತು, ಅದನ್ನು ಕಳೆಯಬೇಕು. ಹಾಗಾಗಿ 582101 = 582 × 1001 − 481. ಮೊದಲ ತುಂಡು 7, 11, 13 ಮೂರರಿಂದಲೂ ಭಾಗವಾಗುತ್ತದೆ. ಉಳಿದದ್ದು 481 ಮಾತ್ರ. ಒಂದು ಎಚ್ಚರಿಕೆ: 481ರಲ್ಲಿ 37 ಕೂಡ ಕಾಣುತ್ತದೆ ಅಂತ ಅದನ್ನೂ ಸೇರಿಸಿಕೊಳ್ಳಬೇಡಿ. 1001ರ ಒಳಗೆ 37 ಇಲ್ಲ, ಈ ಉಪಾಯಕ್ಕೆ ಅದರ ಸುದ್ದಿ ಗೊತ್ತಿಲ್ಲ. 582101 ನಿಜವಾಗಿ 37ರಿಂದ ಭಾಗವಾಗುವುದಿಲ್ಲ.

ಧಾರವಾಡಕ್ಕೆ ಮಾಡಿ ನೋಡಿ: 580 − 1 = 579. 7ರಿಂದ ಭಾಗಿಸಿದರೆ ಶೇಷ 5, 11ರಿಂದ 7, 13ರಿಂದಲೂ 7. ಮೂರೂ ಹೋದವು. ಹುಬ್ಬಳ್ಳಿಗೆ: 580 − 20 = 560, ಅದು ಏಳೆಂಬತ್ತು. ಹಾಗಾಗಿ 580020ರೊಳಗೆ 7 ಕೂತಿದೆ. ಇನ್ನೊಂದು ಸಣ್ಣ ಉಪಾಯ ನಮ್ಮ ಜಿಲ್ಲೆಯವರಿಗೇ ಸೇರಿದ್ದು. 580000 ಅಂದರೆ 29 × 20000. ಹಾಗಾಗಿ 580ರಿಂದ ಶುರುವಾಗುವ ಯಾವ ಪಿನ್‌ಗೂ 29ರ ಪರೀಕ್ಷೆ ಮಾಡಲು ಕೊನೆಯ ಮೂರು ಅಂಕಿ ನೋಡಿದರೆ ಸಾಕು. 580001ಕ್ಕೆ ಶೇಷ 1. ಇದಕ್ಕಿಂತ ಸುಲಭ ಭಾಗಾಕಾರ ಎಲ್ಲಿ ಸಿಗುತ್ತದೆ!

ಈ ಬಗೆಯ ಆಟ ನಮ್ಮ ನೆಲಕ್ಕೆ ಹೊಸದೇನಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ, ಗುಣಿಸಿದಾಗ ಹಾರದಂತೆ ಎರಡೂ ಕಡೆಯಿಂದ ಒಂದೇ ಸಮ ಕಾಣುವ ಸಂಖ್ಯೆಗಳ ಲೆಕ್ಕ ಕೊಟ್ಟಿದ್ದಾನೆ. 142857143ನ್ನು 7ರಿಂದ ಗುಣಿಸಿ ನೋಡಿ, 1000000001 ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ. ಮಗಳಿಗೆ ತಿರುಗಿಸಿ ಕೇಳಿ: 11111111ನ್ನು ಒಡೆ ಅಂತ. ಆಗ ಅದು ಆಟವಲ್ಲ, ಬೆವರು ಇಳಿಸುವ ಕೆಲಸ.

ಈಗ ನನ್ನ ಕಥೆ. ಹಲವು ವರ್ಷದ ಹಿಂದಿನ ಮಾತು. ಧಾರವಾಡದ ಒಂದು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದೆ. ಅವಳಿ ಅವಿಭಾಜ್ಯಗಳ ಪಾಠ. 11 ಮತ್ತು 13, 17 ಮತ್ತು 19, ಹೀಗೆ ಎರಡರ ಅಂತರದಲ್ಲಿ ನಿಂತ ಜೋಡಿಗೆ ಆ ಹೆಸರು. ಹುಬ್ಬಳ್ಳಿ ಧಾರವಾಡ ಅವಳಿ ನಗರ, 1962ರಿಂದ ಒಂದೇ ಮಹಾನಗರ ಪಾಲಿಕೆ. ಊರಿನ ಸಂಖ್ಯೆಯಲ್ಲೇ ಒಂದು ಅವಳಿ ತೋರಿಸಿದರೆ ಹುಡುಗರು ಜನ್ಮದಲ್ಲಿ ಮರೆಯುವುದಿಲ್ಲ ಅಂತ ನನಗೆ ಹುಮ್ಮಸ್ಸು. ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು. ಮೇಣದ ಬತ್ತಿ ಹಚ್ಚಿಕೊಂಡು 580001ನ್ನೂ 580003ನ್ನೂ ಒಟ್ಟಿಗೆ ಭಾಗಿಸುತ್ತ ಕೂತೆ. 580003 ಅಂದರೆ ಕರ್ನಾಟಕ ವಿಶ್ವವಿದ್ಯಾಲಯವಿರುವ ಪಾವಟೆ ನಗರದ ಪಿನ್. ನೂರಕ್ಕೂ ಹೆಚ್ಚು ಅವಿಭಾಜ್ಯ ದಾಟಿದೆ, ಎರಡೂ ಜಗ್ಗಲಿಲ್ಲ. ಕಣ್ಣು ಎಳೆಯುತ್ತಿತ್ತು. ಆರುನೂರರ ಆಚೆ ಎಲ್ಲೋ ಒಂದು ಕಡೆ ಕಳೆಯುವಾಗ ತಪ್ಪಿದೆ, ಶೇಷ ಬಂತೆಂದು ಮುಂದೆ ಹೋದೆ.

ಮರುದಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: 580001, 580003, ನಮ್ಮ ಅವಳಿ. ಹುಡುಗರು ಚಪ್ಪಾಳೆ ಹೊಡೆದರು. ಒಂದು ವಾರ ಹೋಯಿತು. ನವಲಗುಂದದ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಪಾಠ ಮುಗಿದ ಮೇಲೆ ಬಂದು ನಿಂತಳು. ಕೈಯಲ್ಲಿ ಬಸ್ ಟಿಕೆಟ್. ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು: 619 × 937. "ಸರ, ನಿಮ್ಮ ಅವಳಿ ಒಡದಾವ್ರಿ" ಅಂದಳು. ಗುಣಿಸಿ ನೋಡಿದೆ. 619 × 900 = 557100. 619 × 37 = 22903. ಕೂಡಿದರೆ 580003. ತಪ್ಪು ನನ್ನದೇ.

ಆ ಕಡೆಯೂ ಅವಳಿ ಸಿಗುವುದಿಲ್ಲ. 579999 ಕಣ್ಣಿಗೇ 3ರಿಂದ ಭಾಗವಾಗುತ್ತದೆ. ಅವಳಿ ನಗರದ ಈ ಸಂಖ್ಯೆ ಒಂಟಿಯಾಗಿಯೇ ನಿಂತಿದೆ.

ನನ್ನನ್ನು ಹೆಚ್ಚು ಕಾಡಿದ್ದು ತಪ್ಪಲ್ಲ, ಆ ಹುಡುಗಿ ಅದನ್ನು ಬಸ್ಸಿನಲ್ಲಿ ಕೂತು ಹೇಗೆ ಕಂಡುಹಿಡಿದಳು ಅನ್ನುವುದು. 619 ಅಂದರೆ 114ನೇ ಅವಿಭಾಜ್ಯ. ಅಷ್ಟು ಭಾಗಾಕಾರ ಟಿಕೆಟ್ಟಿನ ಹಿಂದೆ ಹಿಡಿಯುವುದಿಲ್ಲ. ಕೇಳಿದೆ. ಅವಳು ಭಾಗಿಸಿಯೇ ಇರಲಿಲ್ಲ. 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ದ ಫರ್ಮಾ ಹೇಳಿದ ದಾರಿ ಹಿಡಿದಿದ್ದಳು. ನೀವು ಕೇಳಿದ ಕಾಗದ, ಪೆನ್ನಿನ ದಾರಿ ಇದೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಾಲೆಯಲ್ಲಿ ಕಲಿತ ಸೂತ್ರ: ಒಂದು ವರ್ಗದಿಂದ ಇನ್ನೊಂದು ವರ್ಗ ಕಳೆದರೆ, ಅದು ಆ ಎರಡು ಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸದ ಗುಣಲಬ್ಧ. 10ರ ವರ್ಗ 100, 3ರ ವರ್ಗ 9, ಕಳೆದರೆ 91. ಅದು 13 × 7. ಅಂದರೆ ನಮ್ಮ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ ಮುಗಿಯಿತು, ಅದು ಅಲ್ಲೇ ಒಡೆದ ಹಾಗೆ. 580003ಕ್ಕಿಂತ ದೊಡ್ಡದಾದ ಮೊದಲ ವರ್ಗ 762ರದ್ದು, 580644. ಅದರಿಂದ 580003 ಕಳೆದರೆ 641. ಇದು ವರ್ಗವೇ? 25ರ ವರ್ಗ 625, 26ರದ್ದು 676. ಅಲ್ಲ. ಮುಂದೆ 763. ಮತ್ತೆ ವರ್ಗ ಮಾಡುವ ಕೆಲಸವಿಲ್ಲ. 762 ಮತ್ತು 763 ಕೂಡಿ, 1525, ಅದನ್ನು 641ಕ್ಕೆ ಸೇರಿಸಿದರೆ ಆಯಿತು: 2166. ಆಮೇಲೆ 1527 ಸೇರಿಸಿ, ಆಮೇಲೆ 1529. ಪ್ರತಿ ಸಲ ಎರಡು ಜಾಸ್ತಿ. ಬರೀ ಕೂಡುವ ಲೆಕ್ಕ, ಮೂರನೇ ತರಗತಿಯ ಹುಡುಗನೂ ಮಾಡಬಹುದು.

ಸಾಲು ಹೀಗೆ ಬೆಳೆಯುತ್ತದೆ: 641, 2166, 3693, 5222, 6753, 8286, 9821, 11358, 12897, 14438, 15981, 17526, 19073, 20622, 22173, 23726, 25281. ಇವುಗಳಲ್ಲಿ ವರ್ಗ ಯಾವುದು ಅಂತ ಹುಡುಕಬೇಕು. ಇಲ್ಲೂ ಒಂದು ಜಾಣತನ ಇದೆ. ಯಾವ ವರ್ಗವೂ 2, 3, 7, 8ರಲ್ಲಿ ಕೊನೆಯಾಗುವುದಿಲ್ಲ. ಮಗ್ಗಿ ನೆನಪಿಸಿಕೊಳ್ಳಿ, ಗೊತ್ತಾಗುತ್ತದೆ. ಹಾಗಾಗಿ ಹದಿನೇಳರಲ್ಲಿ ಒಂಬತ್ತನ್ನು ಕಣ್ಣಲ್ಲೇ ಬಿಡಬಹುದು. ಉಳಿದ ಎಂಟರಲ್ಲಿ 8286 ಆಸೆ ಹುಟ್ಟಿಸುತ್ತದೆ, 91ರ ವರ್ಗ 8281. ಐದರಲ್ಲಿ ತಪ್ಪಿತು. 23726 ಇನ್ನೂ ಕಾಡುತ್ತದೆ, 154ರ ವರ್ಗ 23716. ಹತ್ತರಲ್ಲಿ ತಪ್ಪಿತು. ಅದರ ಮುಂದಿನದೇ 25281. 159 × 159 = 25281. ಸಿಕ್ಕಿತು!

ಆ ಸಾಲಿಗೆ ಸೇರಿದ್ದು 778. ಹಾಗಾಗಿ 580003 ಅಂದರೆ 778ರ ವರ್ಗದಲ್ಲಿ 159ರ ವರ್ಗ ಕಳೆದದ್ದು. 778 − 159 = 619. 778 + 159 = 937. ನಾನು ರಾತ್ರಿಯಿಡೀ ಭಾಗಿಸಿ ತಪ್ಪಿದ್ದನ್ನು ಹದಿನಾರು ಕೂಡುವ ಲೆಕ್ಕದಲ್ಲಿ ಅವಳು ಮುಗಿಸಿದ್ದಳು. ಟಿಕೆಟ್ಟಿನ ಹಿಂದೆ ಅಷ್ಟಕ್ಕೆ ಜಾಗ ಸಾಕು.

ಆದರೆ ಈ ದಾರಿ ಎಲ್ಲ ಕಡೆ ಹೀಗೆ ಓಡುವುದಿಲ್ಲ. ಎರಡು ತುಂಡುಗಳೂ ವರ್ಗಮೂಲದ ಹತ್ತಿರ ಇದ್ದರೆ ಮಾತ್ರ ಬೇಗ ಸಿಗುತ್ತವೆ. ಗದಗದ ಸಂಖ್ಯೆಯಲ್ಲಿ ಒಂದು ತುಂಡು 13, ಇನ್ನೊಂದು 44777. ಅಲ್ಲಿ ಈ ದಾರಿ ಹಿಡಿದರೆ ಸಾವಿರಗಟ್ಟಲೆ ಸಾಲು ಬರೆಯಬೇಕು. 1001ರ ಉಪಾಯ ಅಲ್ಲಿಗೆ ಸರಿ. 580001ಕ್ಕಂತೂ 290001ರವರೆಗೆ ನಡೆದು ಹೋಗಬೇಕು, ಹೋದರೂ ಸಿಗುವುದು 1 × 580001 ಮಾತ್ರ. ಯಾವ ಬೀಗಕ್ಕೆ ಯಾವ ಕೀಲಿ ಅನ್ನುವುದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ನಾನು ಚಿಕ್ಕ ಅವಿಭಾಜ್ಯಗಳಿಂದ ಸ್ವಲ್ಪ ದೂರ ಭಾಗಿಸುತ್ತೇನೆ, ಆಮೇಲೆ ಫರ್ಮಾ ದಾರಿಯಲ್ಲಿ ಸ್ವಲ್ಪ ದೂರ ಹೋಗುತ್ತೇನೆ.

ಹಾಗಾದರೆ 580001 ಅವಿಭಾಜ್ಯ ಅಂತ ನಾನು ಇಷ್ಟು ಗಟ್ಟಿಯಾಗಿ ಹೇಳುವುದು ಹೇಗೆ? ಒಮ್ಮೆ ತಪ್ಪಿದ ಮೇಲೆ ನನ್ನ ಭಾಗಾಕಾರದ ಮೇಲೆ ನನಗೇ ನಂಬಿಕೆ ಹೋಗಿತ್ತು. 135 ಭಾಗಾಕಾರವನ್ನು ಹಗಲು ಹೊತ್ತಿನಲ್ಲಿ ಮತ್ತೆ ಮಾಡಿದೆ, ಎಲ್ಲದಕ್ಕೂ ಶೇಷ ಉಳಿಯಿತು. ಆದರೂ ಇನ್ನೊಂದು ಸಾಕ್ಷಿ ಬೇಕು ಅನಿಸಿತು. ಅದು ಸಿಕ್ಕಿದ್ದು ವರ್ಗಗಳ ಮೊತ್ತದಲ್ಲಿ.

580001 = 760 × 760 + 49 × 49. ನೀವೇ ನೋಡಿ: 577600 ಮತ್ತು 2401. ಎಷ್ಟು ಅಚ್ಚುಕಟ್ಟು! ಫರ್ಮಾ 1640ರಲ್ಲಿ ಬರೆದ ಒಂದು ಮಾತಿದೆ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 13 ಅಂದರೆ 9 + 4. 29 ಅಂದರೆ 25 + 4. ಇದಕ್ಕೆ ಪೂರ್ತಿ ಸಾಧನೆ ಕೊಟ್ಟವನು 18ನೇ ಶತಮಾನದ ಗಣಿತಜ್ಞ ಆಯ್ಲರ್. ಅವನು ಇದನ್ನು ತಿರುಗಿಸಿಯೂ ಬಳಸಿದ. ಒಂದು ಬೆಸ ಸಂಖ್ಯೆ ಎರಡು ವರ್ಗಗಳ ಮೊತ್ತವಾಗುವುದು ಒಂದೇ ರೀತಿಯಲ್ಲಾದರೆ, ಆ ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ, ಅದು ಅವಿಭಾಜ್ಯವೇ. 760 ಮತ್ತು 49ಕ್ಕೆ ಸಾಮಾನ್ಯ ಅಪವರ್ತನ ಇಲ್ಲ. ಇನ್ನು ನೋಡಬೇಕಾದದ್ದು ಬೇರೆ ಜೋಡಿ ಇದೆಯೇ ಅಂತ ಮಾತ್ರ.

ಅದನ್ನು ಹುಡುಕಲು 761 ಸಂಖ್ಯೆಗಳನ್ನೂ ತಡಕಬೇಕಿಲ್ಲ. ಸಂಖ್ಯೆಯ ಕೊನೆಯ ಅಂಕಿ 1. ವರ್ಗಗಳು ಕೊನೆಯಾಗುವುದು 0, 1, 4, 5, 6, 9ರಲ್ಲಿ ಮಾತ್ರ. ಇವುಗಳಲ್ಲಿ ಎರಡನ್ನು ಕೂಡಿ ಕೊನೆಗೆ 1 ಬರಿಸಬೇಕಾದರೆ 0 ಮತ್ತು 1, ಇಲ್ಲವೇ 5 ಮತ್ತು 6. ಅಂದರೆ ಜೋಡಿಯಲ್ಲಿ ಒಬ್ಬರು ಐದರ ಮಗ್ಗಿಯವರು. ಅವರ ವರ್ಗ 00ದಲ್ಲೋ 25ರಲ್ಲೋ ಮುಗಿಯುತ್ತದೆ. ಹಾಗಾದರೆ ಇನ್ನೊಬ್ಬರ ವರ್ಗ 01 ಅಥವಾ 76ರಲ್ಲಿ ಮುಗಿಯಲೇಬೇಕು. ಅಂಥ ಸಂಖ್ಯೆಗಳ ಕೊನೆಯ ಎರಡಂಕಿ 01, 24, 26, 49, 51, 74, 76, 99 ಇವಷ್ಟೇ. 761ರೊಳಗೆ ಅಂಥವು 61. ಅದರಲ್ಲೂ 3ರಿಂದ ಭಾಗವಾಗುವವನ್ನು ಬಿಡಬಹುದು. 580001ನ್ನು 3ರಿಂದ ಭಾಗಿಸಿದರೆ ಶೇಷ 2, ಅದು ಬರಲು ಎರಡು ವರ್ಗಗಳೂ ತಲಾ 1 ಕೊಡಬೇಕು. ಉಳಿದದ್ದು 41. ಅವನ್ನು ಒಂದೊಂದಾಗಿ ನೋಡಿದೆ. 49 ಬಿಟ್ಟರೆ ಯಾವುದೂ ಹೊಂದಲಿಲ್ಲ. 135 ಭಾಗಾಕಾರದ ಬದಲು 41 ಕಳೆಯುವ ಲೆಕ್ಕ. ಎರಡು ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರ ಬಂದ ಮೇಲೆಯೇ ನನಗೆ ನಿದ್ದೆ ಬಂತು.

ಪಕ್ಕದ 580003ಕ್ಕೆ ಈ ಭಾಗ್ಯ ಇಲ್ಲ. ಸಮ ಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0, ಬೆಸ ಸಂಖ್ಯೆಯದ್ದಾದರೆ 1. ಎರಡನ್ನು ಕೂಡಿ 3 ತರುವುದು ಯಾರಿಂದಲೂ ಆಗುವುದಿಲ್ಲ. ಒಂದು ವರ್ಗಗಳ ಮೊತ್ತ, ಎರಡು ಹೆಜ್ಜೆ ಆಚೆಗಿನದು ವರ್ಗಗಳ ವ್ಯತ್ಯಾಸ. ಸಂಖ್ಯೆಗಳ ಓಣಿಯಲ್ಲಿ ನೆರೆಹೊರೆಯವರ ಸ್ವಭಾವ ಒಂದೇ ಇರಬೇಕೆಂಬ ನಿಯಮ ಇಲ್ಲ.

ಈ ಜೋಡಿಯಿಂದ ಇನ್ನೊಂದು ಲಾಭ. 760 ಮತ್ತು 49ರ ವರ್ಗಗಳ ವ್ಯತ್ಯಾಸ 575199. ಎರಡನ್ನೂ ಗುಣಿಸಿ ಇಮ್ಮಡಿ ಮಾಡಿದರೆ 74480. ಈ ಎರಡು ಬಾಹುಗಳ ಲಂಬಕೋನ ತ್ರಿಭುಜ ಬರೆದರೆ ಅದರ ವಿಕರ್ಣ ಸರಿಯಾಗಿ 580001. ಪೈಥಾಗೊರಸ್ ಪ್ರಮೇಯ ಕಲಿಯುವಾಗ 3, 4, 5 ನೋಡಿ ಬೇಸತ್ತವರಿಗೆ ಧಾರವಾಡದ ತ್ರಿಭುಜ ಒಂದು ಇರಲಿ. ನೋಟ್‌ಬುಕ್ಕಿನಲ್ಲಿ ಹಿಡಿಯುವುದಿಲ್ಲ, ಅಷ್ಟೇ.

ಇಂಥ ಅವಿಭಾಜ್ಯ ಸಿಗುವುದು ಅಪರೂಪವೇ ಅಂತ ನಿಮಗೆ ಅನಿಸಬಹುದು. ಅಷ್ಟೇನೂ ಅಲ್ಲ. ಐದು ಲಕ್ಷ ಎಂಬತ್ತು ಸಾವಿರದ ಆಸುಪಾಸಿನಲ್ಲಿ ಸರಾಸರಿ ಹದಿಮೂರು ಸಂಖ್ಯೆಗೆ ಒಂದು ಅವಿಭಾಜ್ಯ. 2, 3, 5ರಿಂದ ಭಾಗವಾಗುವವನ್ನು ಮೊದಲೇ ತೆಗೆದರೆ ಮೂರೂವರೆಗೆ ಒಂದು. ನಿಮ್ಮ ಮಗಳು 47ರವರೆಗೆ ಜರಡಿ ಹಿಡಿದ ಮೇಲಂತೂ "ಇರಬೇಕು" ಅಂದದ್ದು ಒಳ್ಳೆಯ ಊಹೆಯೇ. ಆದರೆ 580003ರ ಮೇಲೆ ಅದೇ ಊಹೆ ಹೂಡಿದ್ದರೆ ನನ್ನ ಹಾಗೆ ಸೋಲುತ್ತಿದ್ದಳು.

ಅಂದಹಾಗೆ ಈ ಸೋಲಿನ ಮೇಲೆಯೇ ಒಂದು ದೊಡ್ಡ ವ್ಯವಹಾರ ನಡೆಯುತ್ತದೆ. 619ನ್ನು 937ರಿಂದ ಗುಣಿಸಲು ಅರ್ಧ ನಿಮಿಷ. 580003 ಕೊಟ್ಟು ಆ ಎರಡನ್ನು ಹುಡುಕು ಅಂದರೆ ಒಂದು ರಾತ್ರಿ. ಗುಟ್ಟಿನ ಮಾಹಿತಿ ಕಾಯಲು ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು 1977ರಲ್ಲಿ ಮಾಡಿದ ಆರ್‌ಎಸ್‌ಎ ವಿಧಾನ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಬಹಿರಂಗವಾಗಿಯೇ ಇಡುತ್ತಾರೆ, ಒಡೆದ ತುಂಡುಗಳನ್ನು ಮಾತ್ರ ಬಚ್ಚಿಡುತ್ತಾರೆ. ಈಗ ಸಾಮಾನ್ಯವಾಗಿ ಬಳಸುವ ಸಂಖ್ಯೆಗೆ 617 ಅಂಕಿ. ಎರಡು ತುಂಡುಗಳನ್ನು ತೀರ ಹತ್ತಿರ ಹತ್ತಿರ ಆರಿಸಬಾರದು ಅನ್ನುವುದು ಅಲ್ಲಿಯ ನಿಯಮ. ಯಾಕೆ ಅಂತ ಆ ಬಸ್ ಟಿಕೆಟ್ ನೋಡಿದವರಿಗೆ ಹೇಳಬೇಕಾಗಿಲ್ಲ.

ದೊಡ್ಡ ಸಂಖ್ಯೆಗೆ ಹೋಗುವ ಮೊದಲು ಕೈ ಪಳಗಲಿ ಅಂತಿದ್ದರೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣಕ್ಕೆ ಹೋದಾಗ 1507ನ್ನು ಒಡೆಯಲು ಹೇಳಿ. 2023ರಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮಿನ ಉದ್ದ ಅಷ್ಟು ಮೀಟರ್, ಜಗತ್ತಿನಲ್ಲೇ ಉದ್ದ. 11 × 137. ಈ ತುದಿಯಿಂದ ಆ ತುದಿಗೆ ನಡೆಯುವಷ್ಟರಲ್ಲಿ ಬಾಯಲ್ಲೇ ಆಗುತ್ತದೆ.

ಆಮೇಲೆ 580007 ಕೊಡಿ. ಅದು ಒಡೆಯುತ್ತದೆ, ಅಷ್ಟು ಮಾತ್ರ ಹೇಳುತ್ತೇನೆ. ಭಾಗಿಸುತ್ತ ಹೋದರೆ 99ನೇ ಅವಿಭಾಜ್ಯದಲ್ಲಿ ಸಿಗುತ್ತದೆ. ಫರ್ಮಾ ದಾರಿಯಲ್ಲಿ 762ರಿಂದ ಶುರುಮಾಡಿದರೆ 55ನೇ ಸಾಲಿನಲ್ಲಿ ಸಿಗುತ್ತದೆ. ಬಸ್ ಟಿಕೆಟ್ ಸಾಲದು, ಒಂದು ಪೂರ್ತಿ ಹಾಳೆ ಬೇಕು. ಕರೆಂಟ್ ಇರುವಾಗ ಮಾಡಲಿ.